ಕರ್ನಲ್ ಬೆಡ್ಡೋಮ್

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆ ದಖ್ಖಣ ಪ್ರಸ್ಥಭೂಮಿಯ ಕಲ್ಲುನೆಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಶಿಲಾರಸವು ತಣಿದು ಆದ ಕರಿಗಲ್ಲು ಅಲ್ಲಿ ಪದರ ಪದರವಾಗಿ ಹಾಸಿದೆ. ಅನೇಕ ಕಡೆಗಳಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಆ ಬಂಡೆಗಳ ಮೇಲೆ ಬರಿಗಾಲನ್ನು ಊರಲಾಗದು.

ದಖ್ಖಣದ ಇಂಥ ಬಂಡೆಗಳ ಸೀಳುಗಳಲ್ಲಿ, ಹಳೆಯ ಕೋಟೆಗೋಡೆಗಳ ಸಂದುಗಳಲ್ಲಿ ಬೆಳೆಯುವ ಒಂದು ಪುಟ್ಟ ಗಿಡವುಂಟು. ಅದು ಒಂದು ಗೇಣಿನಷ್ಟು ಎತ್ತರಕ್ಕೆ ಬೆಳೆಯುವುದೂ ಅಪರೂಪ. ತೆಳುವಾದ ಕಾಂಡದ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ ಎಲೆ. ನವಿಲಿನ ತಲೆಯ ಮೇಲಿನ ಜುಟ್ಟನ್ನು ಕಿತ್ತು ಕಲ್ಲಿನಲ್ಲಿ ನೆಟ್ಟಂತೆ ಕಾಣುತ್ತದೆ. ಆದುದರಿಂದಲೇ ಅದಕ್ಕೆ ಮಯೂರಶಿಖೆ ಎಂಬ ಹೆಸರು ಬಂದಿದೆ. ಬೇಸಗೆಯಲ್ಲಿ ಅದನ್ನು ನೋಡಿದವರು ಸತ್ತ ಗಿಡವೆಂದೇ ತಿಳಿಯುತ್ತಾರೆ. ಎಲೆಗಳು ಮುದುಡಿ, ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಪುಡಿಯಾಗುವಂತೆ ಒಣಗಿರುತ್ತವೆ. ಆದರೆ ಒಂದು ಹದವಾದ ಮಳೆ ಬಿದ್ದು ಕಲ್ಲು ನೆನೆಯಲಿ. ಹೆಚ್ಚು ಹೊತ್ತು ಕಳೆಯುವ ಮುನ್ನವೇ ಮುದುಡಿದ ಬೀಸಣಿಗೆಗಳು ಬಿಚ್ಚಿಕೊಳ್ಳುತ್ತವೆ, ಎಲೆಗಳು ಮತ್ತೆ ಹಸಿರಾಗುತ್ತವೆ. ಹೊಸ ಎಲೆ ಚಿಗುರಿದ್ದಲ್ಲ, ಒಣಗಿದ್ದ ಹಳೆಯ ಎಲೆಯೇ ಜೀವ ತಳೆದದ್ದು.

ಮಯೂರಶಿಖೆಯು ಜರೀಗಿಡಗಳ ಜಾತಿಗೆ ಸೇರಿದುದು. ಜರೀಗಿಡ ಎಂದೊಡನೆ ಮಲೆನಾಡಿನ ತೊರೆಯ ದಂಡೆ, ಹಾವಸೆ ಹಿಡಿದ ಬಾವಿಯ ಗೋಡೆ, ನೆರಳು, ತಂಪು ನೆನಪಿಗೆ ಬರುತ್ತವೆ. ಅದಕ್ಕೆ ಕಾರಣವೂ ಇದೆ. ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಅಡಿಯಲ್ಲಿ ಧೂಳಿನಂತಹ ಬೀಜಾಣುಗಳು ಹುಟ್ಟಿ, ಗಾಳಿಯಲ್ಲಿ ತೇಲಿ ಹೋಗುತ್ತವೆ. ತೇವವಿರುವಲ್ಲಿ ಬಿದ್ದ ಬೀಜಾಣು ಮೊಳೆತು, ಉಗುರಿಗಿಂತಲೂ ಚಿಕ್ಕದಾದ ಒಂದು ಹಸಿರು ಚಪ್ಪಟೆ ಸಸಿಯಾಗುತ್ತದೆ. ಗಂಡು ಹೆಣ್ಣುಗಳ ಕೂಟ ನಡೆಯುವುದು ಆ ಸಸಿಯಲ್ಲಿ. ಗಂಡುಕಣವು ನೀರಿನ ತೆಳುಪದರದಲ್ಲಿ ಈಜಿಕೊಂಡು ಹೋಗಿ ಹೆಣ್ಣುಕಣವನ್ನು ಸೇರಬೇಕು. ಜರ್ಮನಿಯ ಹಾಫ್‌ಮೈಸ್ಟರ್ ಈ ಜೀವನಚಕ್ರವನ್ನು 1851ರಲ್ಲಿ ಸ್ಪಷ್ಟಪಡಿಸಿದನು. ಹೀಗೆ ಹುಟ್ಟಿಗೇ ನೀರು ಬೇಕಾದ ಗಿಡವು ಸುಡುಬಂಡೆಯನ್ನು ಮನೆ ಮಾಡಿಕೊಂಡಿದೆಯೆಂದರೆ ಸೋಜಿಗವಲ್ಲವೆ?

ಮಲೆನಾಡಿನ ಆಳೆತ್ತರದ ಜರೀಮರಗಳನ್ನೂ ಒಣಬಂಡೆಯ ಈ ಬಡ ಗಿಡಗಳನ್ನೂ ಒಂದೇ ಶ್ರದ್ಧೆಯಿಂದ ಹುಡುಕಿ, ಹೋಲಿಸಿ, ಚಿತ್ರ ಸಹಿತವಾಗಿ ಗ್ರಂಥಗಳಲ್ಲಿ ದಾಖಲಿಸಿದವನು ರಿಚರ್ಡ್ ಹೆನ್ರಿ ಬೆಡ್ಡೋಮ್. ಅವನು ಸಸ್ಯಶಾಸ್ತ್ರದ ಪ್ರಾಧ್ಯಾಪಕನಲ್ಲ, ಸೈನಿಕ, ಅನಂತರ ಅರಣ್ಯಾಧಿಕಾರಿ.

ಬೆಡ್ಡೋಮ್ 1830ರ ಮೇ 11ರಂದು ಇಂಗ್ಲೆಂಡಿನಲ್ಲಿ ಹುಟ್ಟಿದನು. ತಂದೆ ಲಂಡನ್ನಿನ ಒಬ್ಬ ನ್ಯಾಯವಾದಿ. ಮಗನು ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿದನು. ತಂದೆಯ ವೃತ್ತಿಯನ್ನೇ ಹಿಡಿಯಲೆಂದು ಮನೆಯವರು ಅವನನ್ನು ಕಾನೂನಿನ ಅಭ್ಯಾಸಕ್ಕೆ ಹಚ್ಚಿದರು. ಕಡತಗಳ ನಡುವಣ ಆ ಬಾಳು ಅವನಿಗೆ ಒಗ್ಗಲಿಲ್ಲ. ಹದಿನೆಂಟರ ಹರೆಯದಲ್ಲಿ, 1848ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಭಾರತಕ್ಕೆ ಹಡಗು ಹತ್ತಿದನು. ಮದರಾಸಿನ 42ನೆಯ ದೇಶೀಯ ಪದಾತಿದಳದಲ್ಲಿ ಅವನಿಗೆ ಕೆಲಸ ದೊರೆಯಿತು. ಆ ದಳವು ಜಬಲ್ಪುರದಲ್ಲಿದ್ದಾಗ ಅವನು ಸರಬರಾಜಿನ ಅಧಿಕಾರಿಯೂ ದುಭಾಷಿಯೂ ಆಗಿದ್ದನು. ಸಿಪಾಯಿಗಳ ಮಾತನ್ನು ತಿಳಿದು ಹೇಳಬೇಕಾದ ಹುದ್ದೆ ಅದು. ಜನರೊಡನೆ ಬೆರೆತು ಭಾಷೆ ಕಲಿಯುವ ಆ ಅಭ್ಯಾಸವು ಮುಂದೆ ಕಾಡಿನಲ್ಲಿ ಅವನ ಕೈಹಿಡಿಯಿತು.

ಆ ಕಾಲದ ಕಾಡುಗಳ ಸ್ಥಿತಿಯನ್ನು ಇಲ್ಲಿ ಹೇಳಬೇಕು. ಹಡಗು ಕಟ್ಟಲು ತೇಗ ಬೇಕಾಗಿತ್ತು. 1856ರಲ್ಲಿ ಮದರಾಸಿನಿಂದ ಆರ್ಕಾಟಿನ ಕಡೆಗೆ ರೈಲು ಓಡಲಾರಂಭಿಸಿದ ಮೇಲೆ ಹಳಿಗಳ ಅಡಿಗೆ ಹಾಸಲು ಲೆಕ್ಕವಿಲ್ಲದಷ್ಟು ದಿಮ್ಮಿಗಳು ಬೇಕಾದುವು. ಎಂಜಿನಿನ ಒಲೆಗೂ ಸೌದೆಯೇ ಬೇಕು. ಗುತ್ತಿಗೆದಾರರು ಕಂಡ ಮರವನ್ನು ಕಡಿದರು. ಕಾಫಿ ತೋಟಗಳಿಗಾಗಿ ಬೆಟ್ಟಗಳ ಇಳಿಜಾರುಗಳು ಬೋಳಾದುವು. ಶಿವಮೊಗ್ಗದ ಕಡೆಯ ಕಾಡುಗಳನ್ನು ವೈದ್ಯನಾಗಿ ಸುತ್ತಿ ಬಲ್ಲವನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬುವನು ಈ ಅನಾಹುತವನ್ನು ಕುರಿತು ಎಚ್ಚರಿಸಿದವರಲ್ಲಿ ಒಬ್ಬನು. 1856ರಲ್ಲಿ ಮದರಾಸು ಸರ್ಕಾರವು ಅರಣ್ಯ ಇಲಾಖೆಯನ್ನು ತೆರೆದು ಅವನನ್ನೇ ಅದರ ಮುಖ್ಯಸ್ಥನನ್ನಾಗಿ ಮಾಡಿತು. ಗಿಡಮರಗಳನ್ನು ಬಲ್ಲ ಸಹಾಯಕನಿಗಾಗಿ ಹುಡುಕುತ್ತಿದ್ದ ಕ್ಲೆಗ್‌ಹಾರ್ನನ ಕಣ್ಣಿಗೆ ಬೆಡ್ಡೋಮ್ ಬಿದ್ದನು. 1857ರಲ್ಲಿ, ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದ ವರ್ಷದಲ್ಲಿ, ಈ ಯುವಕನು ದಳವನ್ನು ಬಿಟ್ಟು ಕಾಡಿನ ಕೆಲಸಕ್ಕೆ ಬಂದನು. 1860ರಲ್ಲಿ ಕ್ಲೆಗ್‌ಹಾರ್ನನ ಸ್ಥಾನವೇ ಅವನದಾಯಿತು. ಆಗ ಅವನ ವಯಸ್ಸು ಮೂವತ್ತು. ಮುಂದೆ ಇಪ್ಪತ್ತೆರಡು ವರ್ಷಗಳ ಕಾಲ, 1882ರವರೆಗೆ, ಮದರಾಸು ಆಧಿಪತ್ಯದ ಕಾಡುಗಳೆಲ್ಲ ಅವನ ಸುಪರ್ದಿಗೆ ಸೇರಿದ್ದುವು.

ಆ ಆಧಿಪತ್ಯದಲ್ಲಿ ಕನ್ನಡ ನಾಡಿನ ಎರಡು ಭಾಗಗಳು ಸೇರಿದ್ದುವು. ಒಂದು, ಮಳೆ ಹೊಯ್ಯುವ ದಕ್ಷಿಣ ಕನ್ನಡ. ಇನ್ನೊಂದು, ಬಿಸಿಲು ಸುರಿಯುವ ಬಳ್ಳಾರಿ. ಬಸವಕಲ್ಯಾಣ, ಹುಮನಾಬಾದುಗಳು ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುದರಿಂದ ಬೆಡ್ಡೋಮನ ಅಧಿಕಾರ ಅಲ್ಲಿಗೆ ಸಲ್ಲುತ್ತಿರಲಿಲ್ಲ. ಆದರೆ ಗಾಳಿಯಲ್ಲಿ ತೇಲುವ ಬೀಜಾಣುವಿಗೆ ಸಂಸ್ಥಾನದ ಗಡಿಯೆಲ್ಲಿ? ಮದರಾಸಿನ ಬಂಡೆಯ ಮೇಲೆ ಬೆಳೆದ ಮಯೂರಶಿಖೆಯೇ ನಿಜಾಮನ ನಾಡಿನ ಬಂಡೆಯ ಮೇಲೂ ಬೆಳೆಯುತ್ತಿತ್ತು. ಅದನ್ನು ಅರಿಯಲು ಎರಡು ನಾಡುಗಳವರಿಗೂ ಅವನ ಗ್ರಂಥವೇ ದಾರಿಯಾಯಿತು.

ಅರಣ್ಯಾಧಿಕಾರಿಯು ವರ್ಷದ ಹೆಚ್ಚು ದಿನಗಳನ್ನು ಡೇರೆಯಲ್ಲೇ ಕಳೆಯಬೇಕಾಗಿತ್ತು. ರಸ್ತೆಗಳಿಲ್ಲದ ಕಾಡು, ಕುದುರೆ ಹೋಗುವವರೆಗೆ ಕುದುರೆ, ಅನಂತರ ಕಾಲುನಡಿಗೆ. ಕಾಡುಜ್ವರವೆಂದು ಹೆಸರಾದ ಮಲೇರಿಯಕ್ಕೆ ಅನೇಕ ಅಧಿಕಾರಿಗಳು ಬಲಿಯಾದರು. ಅದು ಸೊಳ್ಳೆಯಿಂದ ಬರುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಇಂಥ ತಿರುಗಾಟದಲ್ಲಿ ಬೆಡ್ಡೋಮ್ ನೀಲಗಿರಿ, ಆನೆಮಲೆ, ವೈನಾಡುಗಳನ್ನೂ, ಪೂರ್ವ ಕರಾವಳಿಯ ಬೆಟ್ಟಸಾಲುಗಳನ್ನೂ ನೋಡಿದನು. ಇಲಾಖೆಗೆ ಬೇಕಾದುದು ಮರ. ಅವನ ಕಣ್ಣು ಮರದ ಬುಡಕ್ಕೂ ಹೋಗುತ್ತಿತ್ತು. ಬುಡದ ಕಲ್ಲಿಗೂ, ಕಲ್ಲಿನಡಿಯ ಹಾವು ಕಪ್ಪೆಗಳಿಗೂ ಹೋಗುತ್ತಿತ್ತು. ಕುದುರೆಮುಖದಲ್ಲಿ ದೊರೆತ ಒಂದು ಮಣ್ಣುಹಾವನ್ನು ಅವನು 1870ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದನು. ಅದರ ಹೆಸರಿನಲ್ಲಿ ಇಂದಿಗೂ ಕೆನರಾ ಎಂಬ ಪದವುಂಟು. ಅದೇ ವರ್ಷ ತಿರುಪತಿ ಬೆಟ್ಟದ ಬಂಡೆಗಳಲ್ಲಿ ವಾಸಿಸುವ ಹೊಂಬಣ್ಣದ ಹಲ್ಲಿಯನ್ನು ವರ್ಣಿಸಿದನು. ಮಲೆನಾಡಿನವರು ಬಲಗಿಯೆಂದು ಕರೆಯುವ ಗಟ್ಟಿಮರಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟವನೂ ಅವನೇ.

ಆದರೂ ಅವನ ಮನಸ್ಸು ಹೆಚ್ಚಾಗಿ ನೆಲೆನಿಂತುದು ಜರೀಗಿಡಗಳಲ್ಲಿ. ಇದಕ್ಕೆ ಕಾಲದ ಗಾಳಿಯೂ ಸ್ವಲ್ಪ ಕಾರಣ. ಆಗ ಇಂಗ್ಲೆಂಡಿನಲ್ಲಿ ಜರೀಗಿಡಗಳದೊಂದು ಹುಚ್ಚೇ ಹಬ್ಬಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಅವನ್ನು ಬೆಳೆಸುವುದು, ಎಲೆಗಳನ್ನು ಒಣಗಿಸಿ ಪುಸ್ತಕಗಳಲ್ಲಿ ಅಂಟಿಸುವುದು ಶ್ರೀಮಂತರ ಮನೆಗಳಲ್ಲಿ ನಿತ್ಯದ ವಿನೋದವಾಗಿತ್ತು. ಅವರಿಗೆ ಅದು ಅಲಂಕಾರ. ಬೆಡ್ಡೋಮನು ಹಿಡಿದುದು ಬೇರೆ ದಾರಿ. ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತು ಇಲ್ಲಿಯೇ ಕೂತು ಓದಬಹುದಾದ ಒಂದು ಚಿತ್ರಗ್ರಂಥವಿರಲಿಲ್ಲ. ಹೆಸರು ತಿಳಿಯಬೇಕಾದರೆ ಒಣಗಿಸಿದ ಮಾದರಿಯನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿ, ಕ್ಯೂ ಸಸ್ಯೋದ್ಯಾನದ ವಿದ್ವಾಂಸರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಈ ಕೊರತೆಯನ್ನು ನೀಗಿಸಲು ಅವನು ಟೊಂಕ ಕಟ್ಟಿದನು.

ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತ ಅವನ ಗ್ರಂಥವು 1863ರಿಂದ 1865ರವರೆಗೆ ಮದರಾಸಿನಲ್ಲಿ ಅಚ್ಚಾಯಿತು. ಅದರಲ್ಲಿ 271 ಚಿತ್ರಫಲಕಗಳಿವೆ. ಅದು ಮುಗಿದೊಡನೆ ಹಿಮಾಲಯ, ಬರ್ಮಾಗಳನ್ನೂ ಒಳಗೊಂಡ ಎರಡನೆಯ ಗ್ರಂಥಕ್ಕೆ ಕೈ ಹಾಕಿ, 1870ರ ಹೊತ್ತಿಗೆ 345 ಫಲಕಗಳನ್ನು ಹೊರತಂದನು. ಕಲ್ಲಚ್ಚಿನಲ್ಲಿ ಮುದ್ರಿಸಿದ ಚಿತ್ರಗಳು ಅವು. ಕಲ್ಲಿನ ಮೇಲೆ ಬೆಳೆದ ಗಿಡಗಳು ಮತ್ತೊಮ್ಮೆ ಕಲ್ಲನ್ನೇ ಏರಿ ಕಾಗದಕ್ಕೆ ಇಳಿದುವು. ಒಂದೊಂದು ಫಲಕದಲ್ಲೂ ಇಡೀ ಎಲೆಯ ಚಿತ್ರದ ಜೊತೆಗೆ, ಎಲೆಯ ನರಗಳು ಕವಲೊಡೆಯುವ ರೀತಿ ಹಾಗೂ ಬೀಜಾಣುಗಳ ಗುಂಪುಗಳು ಕೂಡಿರುವ ಸ್ಥಾನ ಇವುಗಳನ್ನು ಹಿಗ್ಗಿಸಿ ತೋರಿಸಲಾಗಿದೆ. ಹೂವಿಲ್ಲದ ಗಿಡಗಳನ್ನು ಒಂದರಿಂದೊಂದು ಬೇರ್ಪಡಿಸಲು ಇರುವ ಮುಖ್ಯ ಗುರುತುಗಳು ಇವೇ. ಬೆಡ್ಡೋಮನ ಕಾಲದ ಮದರಾಸಿನ ಸಸ್ಯಗ್ರಂಥಗಳಿಗೆ ಭಾರತೀಯ ಚಿತ್ರಕಾರರ ಕೈಚಳಕವು ಆಧಾರವಾಗಿತ್ತು. ಆ ಕಲಾವಿದರಲ್ಲಿ ಹೆಚ್ಚಿನವರ ಬಾಳಿನ ಕಥೆ ನಮಗೆ ಉಳಿದಿಲ್ಲ. ಕಡಿದಾದ ಬಂಡೆಗಳಿಗೆ ದಾರಿ ತೋರಿಸಿದ, ಮೂಟೆ ಹೊತ್ತ ಬೆಟ್ಟದ ಜನರ ಹೆಸರುಗಳಂತೂ ಯಾವ ಪುಟದಲ್ಲಿಯೂ ಇಲ್ಲ. ಗ್ರಂಥಕರ್ತನ ಹೆಸರಿನೊಡನೆ ಅವರನ್ನೂ ನೆನೆಯುವುದು ನ್ಯಾಯ.

ಜರೀಗಿಡಗಳ ಕೆಲಸದ ನಡುವೆಯೇ 1869ರಿಂದ 1873ರವರೆಗೆ ದಕ್ಷಿಣ ಭಾರತದ ಮರಗಳನ್ನು ಕುರಿತ ಮಹಾಗ್ರಂಥವೊಂದನ್ನೂ ಅವನು 330 ಫಲಕಗಳೊಡನೆ ಪ್ರಕಟಿಸಿದನು. ಮರಗಳಿಗೆ ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದ ಹೆಸರುಗಳನ್ನೂ ಅದರಲ್ಲಿ ಕೊಟ್ಟಿದ್ದಾನೆ. ಸರ್ಕಾರದ ಕೆಲಸವನ್ನು ಬಿಡದೆ ಒಬ್ಬನೇ ಇಷ್ಟನ್ನು ಸಾಧಿಸಿದುದು ಹೇಗೆಂಬುದು ಈಗಲೂ ಬೆರಗಿನ ಮಾತೇ.

ಬಂಡೆಯ ಜರೀಗಿಡಗಳ ವಿಚಾರಕ್ಕೆ ಮರಳೋಣ. ಬೆಡ್ಡೋಮನ ಗ್ರಂಥಗಳಲ್ಲಿ ಮಯೂರಶಿಖೆಗೆ ಆಕ್ಟಿನಿಯೊಪ್ಟೆರಿಸ್ ಎಂಬ ಕುಲದಲ್ಲಿ ಸ್ಥಾನವಿದೆ. ಕಿರಣಗಳಂತೆ ಹರಡಿದ ಎಲೆಯುಳ್ಳ ಜರೀಗಿಡ ಎಂಬುದು ಆ ಹೆಸರಿನ ಆಶಯ. ಅದರ ಜೊತೆಗಾರರಾಗಿ ಕೀಲಾಂತಿಸ್ ಕುಲದ ಗಿಡಗಳೂ ಇವೆ. ಅವುಗಳಲ್ಲಿ ಒಂದರ ಎಲೆಯ ಅಡಿಭಾಗಕ್ಕೆ ಅಕ್ಕಿಹಿಟ್ಟನ್ನು ಬಳಿದಂತೆ ಬಿಳಿಯ ಪುಡಿಯಿರುತ್ತದೆ. ಅಂಗೈಗೆ ಒತ್ತಿದರೆ ಎಲೆಯ ಅಚ್ಚು ಬೆಳ್ಳಗೆ ಮೂಡುತ್ತದೆ. ಆ ಪುಡಿ ಮಕ್ಕಳ ಆಟಕ್ಕಾಗಿ ಇರುವುದಲ್ಲ. ಬಿಸಿಲೇರಿದಾಗ ಎಲೆ ಒಳಮುಖವಾಗಿ ಸುರುಳಿಗೊಂಡು, ತನ್ನ ಬಿಳಿಯ ಅಡಿಭಾಗವನ್ನು ಆಕಾಶಕ್ಕೆ ತೋರಿಸುತ್ತದೆ. ಬಿಳುಪು ಬಿಸಿಲನ್ನು ಹಿಮ್ಮೆಟ್ಟಿಸುತ್ತದೆ, ಮೇಣದಂಥ ಪುಡಿ ನೀರನ್ನು ಕಾಯುತ್ತದೆ. ಬೇರೆ ಕೆಲವು ಜಾತಿಗಳಲ್ಲಿ ಈ ಕೆಲಸವನ್ನು ಕಂದುಬಣ್ಣದ ಹುರುಪೆಗಳು ಅಥವಾ ದಟ್ಟವಾದ ರೋಮಗಳು ಮಾಡುತ್ತವೆ.

ಇಂಥ ರಕ್ಷಣೆಗಳೆಲ್ಲ ನೀರಿನ ಖರ್ಚನ್ನು ತಗ್ಗಿಸುತ್ತವೆಯೇ ಹೊರತು ಎಂಟು ತಿಂಗಳ ಬರವನ್ನು ತಡೆಯಲಾರವು. ಕಳ್ಳಿಯಂತೆ ನೀರನ್ನು ಕೂಡಿಡುವ ಕೊಬ್ಬಿದ ಕಾಂಡವಾಗಲಿ, ಬೇವಿನಂತೆ ಆಳಕ್ಕಿಳಿಯುವ ಬೇರಾಗಲಿ ಈ ಗಿಡಗಳಿಗಿಲ್ಲ. ಇವು ಮಾಡುವುದು ಬೇರೆಯೇ ಉಪಾಯ: ಒಣಗಿ ಕಾಯುವುದು. ತಮ್ಮ ಅಂಗಾಂಶದಲ್ಲಿರುವ ನೀರಿನ 100ಕ್ಕೆ 90 ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡರೂ ಇಂಥ ಗಿಡಗಳು ಸಾಯುವುದಿಲ್ಲ. ಬೇರೆ ಹೆಚ್ಚಿನ ಸಸ್ಯಗಳ ಎಲೆಗಳು ಅಷ್ಟು ಒಣಗಿದರೆ ಜೀವಕೋಶಗಳ ಪೊರೆಗಳು ಹರಿದು ನಾಶವಾಗುತ್ತವೆ. ಇವುಗಳಲ್ಲಿ ನೀರು ಇಳಿಯತೊಡಗಿದಾಗಲೇ ಜೀವಕೋಶವು ಸಕ್ಕರೆಗಳನ್ನೂ ವಿಶೇಷ ಪ್ರೋಟೀನುಗಳನ್ನೂ ಸಿದ್ಧಪಡಿಸಿಕೊಳ್ಳುತ್ತದೆ. ನೀರು ಹೋದ ಎಡೆಯಲ್ಲಿ ಅವು ತುಂಬಿಕೊಂಡು, ಗಾಜಿನಂತೆ ಗಟ್ಟಿಯಾಗಿ, ಒಳಗಿನ ಸೂಕ್ಷ್ಮ ರಚನೆಗಳನ್ನು ಕುಸಿಯದಂತೆ ಹಿಡಿದಿಡುತ್ತವೆ. ಉಸಿರಾಟವೂ ಆಹಾರ ತಯಾರಿಕೆಯೂ ಬಹುಮಟ್ಟಿಗೆ ನಿಂತಿರುತ್ತವೆ. ಮಳೆ ಬಂದಾಗ ಗಾಜು ಕರಗುತ್ತದೆ, ಕೆಲಸ ಮೊದಲಾಗುತ್ತದೆ. ನೀರಿನಲ್ಲಿ ಈಜಿ ನಡೆಯಬೇಕಾದ ಸಂತಾನಕಾರ್ಯವನ್ನೂ ಆ ನಾಲ್ಕು ತಿಂಗಳ ತೇವದೊಳಗೆ ಮುಗಿಸಿಕೊಳ್ಳಬೇಕು. ಸಂಜೀವಿನಿಯೆಂದು ಮಾರಾಟವಾಗುವ, ಒಣಗಿದ ಮುಷ್ಟಿಯಂತಿರುವ ಸೆಲಾಜಿನೆಲ್ಲವೂ ಇದೇ ಉಪಾಯವನ್ನು ಬಲ್ಲ ದೂರದ ನೆಂಟ.

ಈ ಒಳಗುಟ್ಟುಗಳು ಬೆಳಕಿಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಬೆಡ್ಡೋಮನಿಗೆ ಅವು ತಿಳಿದಿರಲಿಲ್ಲ. ಆದರೆ ಯಾವ ಜಾತಿ, ಯಾವ ಬಗೆಯ ನೆಲದಲ್ಲಿ, ಎಷ್ಟು ಎತ್ತರದವರೆಗೆ ಬೆಳೆಯುತ್ತದೆಂಬುದನ್ನು ಅವನು ಬರೆದಿಟ್ಟನು. ಒಂದು ಗಿಡವನ್ನು ಪ್ರಯೋಗಶಾಲೆಗೆ ತಂದು ಪರೀಕ್ಷಿಸುವವನಿಗೆ ಮೊದಲು ಅದರ ಹೆಸರೂ ಊರೂ ಗೊತ್ತಿರಬೇಕಷ್ಟೆ.

ಅಧಿಕಾರಿಯಾಗಿ ಬೆಡ್ಡೋಮನ ಪಾಡು ಇಕ್ಕಟ್ಟಿನದಾಗಿತ್ತು. ಕಾಡನ್ನು ಉಳಿಸಬೇಕೆಂದು ಹುಟ್ಟಿದ ಇಲಾಖೆಯೇ ರೈಲಿಗೆ ದಿಮ್ಮಿಗಳನ್ನು ಒದಗಿಸಬೇಕು, ಬೊಕ್ಕಸಕ್ಕೆ ಆದಾಯವನ್ನು ತೋರಿಸಬೇಕು. ಯಾವ ಮರ ಎಷ್ಟು ಬಾಳಿಕೆ ಬರುತ್ತದೆಂದು ಅವನ ಗ್ರಂಥದಲ್ಲಿ ಓದಿದವನು ಆ ಮರವನ್ನು ಕಾಪಾಡಲೂಬಹುದು, ಕಡಿಯಲೂಬಹುದು. ಇನ್ನೊಂದು ಕಡೆ ಕುಮರಿ ಬೇಸಾಯದವರೂ ಹಳ್ಳಿಯ ರೈತರೂ ತಲೆತಲಾಂತರದಿಂದ ಕಾಡಿನ ಸೊಪ್ಪು, ಸೌದೆ, ಮೇವುಗಳನ್ನು ನಂಬಿ ಬಾಳುತ್ತಿದ್ದರು. 1878ರಲ್ಲಿ ಭಾರತದ ಅರಣ್ಯ ಶಾಸನ ಬಂದಾಗ ಮದರಾಸು ಅದನ್ನು ಒಪ್ಪಿಕೊಳ್ಳಲಿಲ್ಲ. ಹಳ್ಳಿಗರ ಹಕ್ಕಿಲ್ಲದ ಕಾಡು ಈ ಸೀಮೆಯಲ್ಲಿ ಇಲ್ಲವೆಂಬುದು ಅಲ್ಲಿನ ಕಂದಾಯ ಮಂಡಳಿಯ ವಾದವಾಗಿತ್ತು. ವರ್ಷಗಟ್ಟಲೆ ನಡೆದ ಈ ಚರ್ಚೆಯ ಕೊನೆಗೆ 1882ರಲ್ಲಿ ಮದರಾಸು ಅರಣ್ಯ ಶಾಸನವು ಜಾರಿಗೆ ಬಂದಿತು. ಕಾಯ್ದಿಟ್ಟ ಕಾಡುಗಳು ಉಳಿದುವು. ಅವುಗಳ ಅಂಚಿನಲ್ಲಿದ್ದ ಬಡವರು ಮಾತ್ರ ತಮ್ಮ ಕಾಡಿಗೆ ತಾವೇ ಅನುಮತಿ ಕೇಳಬೇಕಾಯಿತು. ಆ ಕಹಿ ಬಹುಕಾಲ ಆರಲಿಲ್ಲ. ಅದೇ 1882ರಲ್ಲಿ ಬೆಡ್ಡೋಮ್ ಇಲಾಖೆಯ ಭಾರವನ್ನು ಇಳಿಸಿದನು.

ಅಧಿಕಾರ ಬಿಟ್ಟರೂ ಜರೀಗಿಡಗಳು ಅವನನ್ನು ಬಿಡಲಿಲ್ಲ. ಹಿಂದಿನ ಎರಡು ಗ್ರಂಥಗಳೂ ಗಾತ್ರದಲ್ಲಿ ದೊಡ್ಡವು. ಜೋಳಿಗೆಯಲ್ಲಿಟ್ಟುಕೊಂಡು ಬೆಟ್ಟ ಹತ್ತುವಂಥವಲ್ಲ. ಬಂಡೆಯ ಬಳಿಯೇ ಬಿಚ್ಚಿ ನೋಡಬಹುದಾದ ಒಂದು ಕೈಪಿಡಿಯನ್ನು ಅವನು ಬರೆದನು. ಭಾರತ, ಸಿಂಹಳ ಮತ್ತು ಮಲಯ ಪರ್ಯಾಯದ್ವೀಪದ ಜರೀಗಿಡಗಳನ್ನು ಒಂದೇ ಸಂಪುಟದಲ್ಲಿ ಅಡಕಗೊಳಿಸಿದ ಆ ಪುಸ್ತಕವು 1883ರಲ್ಲಿ ಕಲಕತ್ತೆಯಲ್ಲಿ ಪ್ರಕಟವಾಯಿತು. ಅನಂತರ ದೊರೆತ ಹೊಸ ಜಾತಿಗಳನ್ನೂ ತನ್ನ ತಪ್ಪುಗಳ ತಿದ್ದುಪಡಿಯನ್ನೂ ಸೇರಿಸಿ, ಒಂಬತ್ತು ವರ್ಷಗಳ ಮೇಲೆ, 1892ರಲ್ಲಿ, ಅದಕ್ಕೊಂದು ಅನುಬಂಧವನ್ನು ಹೊರಡಿಸಿದನು. ಆಗ ಅವನಿಗೆ ಅರವತ್ತೆರಡು ವರ್ಷ.

ಬಾಳಿನ ಕಡೆಯ ವರ್ಷಗಳನ್ನು ಅವನು ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಕಳೆದನು. 1911ರ ಫೆಬ್ರವರಿ 23ರಂದು ಅಲ್ಲಿಯೇ ತೀರಿಕೊಂಡನು. ಅವನು ಕೂಡಿಸಿದ ಸಸ್ಯ ಮತ್ತು ಪ್ರಾಣಿಗಳ ಮಾದರಿಗಳಲ್ಲಿ ಬಹುಪಾಲು ಲಂಡನ್ನಿನ ಸಂಗ್ರಹಾಲಯಗಳಲ್ಲಿವೆ. ತಿರುಪತಿ, ಕಡಪದ ಒಣಬೆಟ್ಟಗಳಲ್ಲಲ್ಲದೆ ಜಗತ್ತಿನ ಬೇರಾವ ಕಡೆಯಲ್ಲೂ ಸಹಜವಾಗಿ ಬೆಳೆಯದ ಒಂದು ಸೈಕಸ್ ಗಿಡಕ್ಕೆ ಸಸ್ಯಶಾಸ್ತ್ರಜ್ಞರು 1883ರಲ್ಲಿ ಅವನ ಹೆಸರನ್ನು ಇಟ್ಟರು. ಕಲ್ಲು ಕಾದರೂ ಬಗ್ಗದ ಆ ಗಿಡವು ಈಗ ಅಳಿವಿನ ಅಂಚಿನಲ್ಲಿದ್ದು, ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಲಾಗಿದೆ.

ಅವನು ಬಳಸಿದ ಶಾಸ್ತ್ರೀಯ ನಾಮಗಳಲ್ಲಿ ಅನೇಕವು ಇಂದು ಬದಲಾಗಿವೆ. ಬಿಳಿಪುಡಿಯ ಕೀಲಾಂತಿಸ್ ಗಿಡವನ್ನು ಈಗಿನ ವಿದ್ವಾಂಸರು ಬೇರೊಂದು ಕುಲದಲ್ಲಿ ಎಣಿಸುತ್ತಾರೆ. ಕೈಪಿಡಿಯು ಮಾತ್ರ ಹಳತಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದು ಭಾರತದಲ್ಲಿಯೇ ಮರುಮುದ್ರಣಗೊಂಡಿತು. ಕೋಟೆಗೋಡೆಯ ಸಂದಿನಿಂದ ಒಂದು ಎಲೆಯನ್ನು ತಂದು, ಭೂತಗನ್ನಡಿಯ ಕೆಳಗೆ ಅದರ ಬೀಜಾಣುಗಳ ಸಾಲನ್ನು ನೋಡುತ್ತ ಕುಳಿತ ವಿದ್ಯಾರ್ಥಿಯು ಈಗಲೂ ಅದರ ಪುಟಗಳನ್ನು ತೆರೆಯುತ್ತಾನೆ.